ಬೀಜೋಪಚಾರ

ಕಾಡು ಅಂದರೆ ಏನು ಎಂದು ಶಶಿರೇಖಾಗೆ ಹೇಳಿಕೊಡಲು ಮಳವಳ್ಳಿಯಲ್ಲಿ ಮೂರು ದಿನದ ತರಬೇತಿ ಇಟ್ಟಿದ್ದರು.

ಅವಳೊಬ್ಬಳಿಗೇ ಅಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನಿಂದ ನಲವತ್ತು ಜನ ಸರ್ಕಾರಿ ಶಾಲೆ ಶಿಕ್ಷಕರನ್ನು ಆರಿಸಿದ್ದರು. ಆರಿಸುವುದು ಅಂದರೆ ಮತ್ತೇನಿಲ್ಲ, ಹೆಡ್‌ಮಾಸ್ಟರಿಗೆ ಯಾರನ್ನು ಕಂಡರೆ ಆಗುವುದಿಲ್ಲವೋ ಅವರ ಹೆಸರು ಬರೆದು ಕಳಿಸುವುದು. ಜೂನ್ ತಿಂಗಳು. ಮಕ್ಕಳು ಇನ್ನೂ ಹೊಸ ಪುಸ್ತಕದ ಮುಖ ನೋಡಿರಲಿಲ್ಲ. ಅಂಥ ಹೊತ್ತಿನಲ್ಲಿ ತರಗತಿಯೊಳಕ್ಕೆ ಕಾಡನ್ನು ತರುವುದು ಹೇಗೆ ಎಂದು ಕಲಿಯಲು ನಲವತ್ತು ಜನ ಒಂದು ಕಲ್ಯಾಣ ಮಂಟಪದಲ್ಲಿ ಬಂದು ಕೂತರು. ಬ್ಯಾನರ್ ಕಾಣುವುದಿಲ್ಲ ಎಂದು ಮಂಟಪದ ಮುಂದಿದ್ದ ಎರಡು ಹೊಂಗೆ ಮರಗಳನ್ನು ಹಿಂದಿನ ದಿನವಷ್ಟೇ ಸವರಿ ಬೋಳು ಮಾಡಿದ್ದರು.

ತರಬೇತಿ ಕೊಡುವುದು ಹಸಿರಕ್ಷರ ಪ್ರತಿಷ್ಠಾನ. ಅಲ್ಲಿಂದ ಬಂದವರು ಪಾರ್ಥಸಾರಥಿ. ಅವರನ್ನು ಸಂಪನ್ಮೂಲ ವ್ಯಕ್ತಿ ಎನ್ನಬೇಕು. ಕಾಡಿನ ಬಣ್ಣದ ಜುಬ್ಬ, ಕಾಡಿನ ಬಣ್ಣದ ಪ್ಯಾಂಟು, ಹುಲಿಯ ಮುಖವಿದ್ದ ನೀರಿನ ಬಾಟಲಿ. ಮೊದಲ ದಿನ ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಕಾಡು ಎಂದರೆ ಮನುಷ್ಯರಿಲ್ಲದ ಜಾಗ. ಆಮೇಲೆ ನಲವತ್ತು ಜನರನ್ನೂ ಎದ್ದು ನಿಲ್ಲಿಸಿ ಎರಡೂ ಕೈ ಮೇಲೆತ್ತಿಸಿ 'ನಾನೊಂದು ಮರ' ಎಂದು ಹತ್ತು ನಿಮಿಷ ಹೇಳಿಸಿದರು. ರಿಟೈರ್ ಆಗಲು ಒಂದು ವರ್ಷ ಉಳಿದಿದ್ದ ಬಸರಾಳಿನ ಮೇಷ್ಟ್ರೊಬ್ಬರು ಮಂಡಿನೋವಿನಿಂದ ನಡುವೆಯೇ ಕೂತುಬಿಟ್ಟರು. ಪಾರ್ಥಸಾರಥಿ ಅವರನ್ನು ತೋರಿಸಿ, "ನೋಡಿ, ಒಂದು ಮರ ಉರುಳಿತು. ನಮಗೆ ನೋವಾಗಬೇಕು" ಎಂದರು. ಎಲ್ಲರೂ ನೊಂದ ಮುಖ ಮಾಡಿದರು. ಹಾಜರಿ ಪುಸ್ತಕ ಅವರ ಕೈಯಲ್ಲಿತ್ತಲ್ಲ.

ಶಶಿರೇಖಾ ಹಲಗೂರಿನ ಆಚೆ ಕಾಡಂಚಿನ ತಾರೆದೊಡ್ಡಿ ಶಾಲೆಯಲ್ಲಿ ಪರಿಸರ ಪಾಠ ಹೇಳುವವಳು. ಹುಟ್ಟಿದ್ದೂ ಅದೇ ಊರಿನಲ್ಲಿ, ಕಾಲೋನಿಯಲ್ಲಿ. ಮಂಡ್ಯದ ಕಡೆ ಕಾಲೋನಿ ಅಂದುಬಿಟ್ಟರೆ ಯಾರಿಗೂ ಜಾತಿ ಬಿಡಿಸಿ ಹೇಳಬೇಕಾಗಿಲ್ಲ. ಅವಳ ಅವ್ವ ಪಟ್ಟಲಮ್ಮ ಮೇಕೆ ಸಾಕುವವಳು. ಈಗ ಕೊಟ್ಟಿಗೆಯಲ್ಲಿ ಹದಿನಾಲ್ಕು ಇವೆ. ಶಶಿರೇಖಾಳ ಒಂದೊಂದು ವರ್ಷದ ಓದಿಗೂ ಒಂದೊಂದು ಹೋತ ಹಲಗೂರಿನ ಸಂತೆಗೆ ನಡೆದುಕೊಂಡು ಹೋಗಿದೆ. ಬಿ.ಎಡ್. ಮುಗಿಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಒಂದು ಮುದಿ ಮೇಕೆ ಉಳಿದಿತ್ತು, ಹಲ್ಲು ಬಿದ್ದದ್ದು. ಪಟ್ಟಲಮ್ಮ ಅದರಿಂದಲೇ ಮತ್ತೆ ಶುರು ಮಾಡಿದಳು.

ನೇಮಕದ ಪತ್ರ ಬಂದ ದಿನ ಪಟ್ಟಲಮ್ಮ ಒಂದು ಮಾತನ್ನು ಬಿಟ್ಟಳು. 'ಬುದ್ದಿ' ಎಂಬ ಮಾತು. ಊರಿನೊಳಗೆ ಹೋದಾಗಲೆಲ್ಲ ದೊಡ್ಡ ಮನೆಯವರಿಗೆ, ಅವರ ಮಕ್ಕಳಿಗೆ, ಮೀಸೆ ಬಾರದ ಮೊಮ್ಮಕ್ಕಳಿಗೂ ಬುದ್ದಿ, ಬುದ್ದಿ ಎಂದು ನಲವತ್ತು ವರ್ಷ ಅಂದ ಬಾಯಿ ಅದು. "ನಿನ್ ಕಾಗ್ದ ಬಂತು. ಇನ್ ಯಾರಿಗೂ ಅಂಗನ್ನಕಿಲ್ಲ ಕಣೇ" ಅಂದಳು. ಅಷ್ಟೇ. ಮೊದಮೊದಲು ಕೆಲವರು ಮುಖ ಗಂಟು ಹಾಕಿದರು. ಅವಳು ಗಂಟು ಬಿಚ್ಚಲು ಹೋಗಲಿಲ್ಲ.

ಮಗಳು ಇನ್ನೊಂದು ಬಗೆಯ ಕೆಲಸ ಮಾಡಿದಳು. ಬಾಯಿಂದ ಬಿದ್ದುಹೋಗಿದ್ದ ಹಕಾರಗಳನ್ನೆಲ್ಲ ಒಂದೊಂದಾಗಿ ಎತ್ತಿ ಜಾಗಕ್ಕೆ ಇಟ್ಟಳು. ಅಳ್ಳಿ ಹಳ್ಳಿಯಾಯಿತು, ಆಲು ಹಾಲಾಯಿತು. ಸಾಲೆ ಶಾಲೆಯಾಯಿತು. ಈಗ ಅವಳ ಮಾತು ಕೇಳಿ ಊರು ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ತರಬೇತಿಯಲ್ಲಿ ಪಕ್ಕ ಕೂತಿದ್ದ ಕೊಪ್ಪದ ಅಂಬರೀಶ್ ಸರ್ ಮೊದಲ ದಿನವೇ ಕೇಳಿದ್ದರು, "ಯಾವ ಕಡೆಯೋರು ಮೇಡಂ ನೀವು?"

"ಹಲಗೂರು ಕಡೆ."

"ಹಲಗೂರಲ್ಲಿ ಅಂದ್ರೆ?"

"ತಾರೆದೊಡ್ಡಿ."

"ಅಲ್ಲ, ತಾರೆದೊಡ್ಡಿಲಿ ಅಂದ್ರೆ?"

"ಶಾಲೆ ಹತ್ರ ಸರ್." ಅಂಬರೀಶ್ ಒಳ್ಳೆಯವರೇ. ನಗಿಸುತ್ತಿದ್ದರು, ಹುರಿದ ಕಡಲೆಕಾಯಿ ಹಂಚುತ್ತಿದ್ದರು, ಅವಳ ಬಾಟಲಿಯ ನೀರನ್ನು ಕೇಳಿ ಕುಡಿಯುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಸಿಗದಿದ್ದುದೊಂದು ಅವರನ್ನು ಕೊರೆಯುತ್ತಿತ್ತು ಅಂತ ಕಾಣುತ್ತದೆ.

ಮೂರನೆಯ ದಿನ ಬೆಳಿಗ್ಗೆ ಪಾರ್ಥಸಾರಥಿ ಕೈಪಿಡಿಯ ಕೊನೆಯ ಪುಟ ತೆಗೆಯಲು ಹೇಳಿದರು. ಅಲ್ಲೊಂದು ನಮೂನೆ. ವಿದ್ಯಾರ್ಥಿಯ ಹೆಸರು, ಪೋಷಕರ ಹೆಸರು, ಮನೆಯಲ್ಲಿರುವ ಮೇಕೆಗಳ ಸಂಖ್ಯೆ.

"ಕಾಡಿಗೆ ಕೊಡಲಿಗಿಂತ ಮೇಕೆ ಅಪಾಯ" ಎಂದರು ಅವರು. "ಕೊಡಲಿ ಮರ ಕಡಿಯುತ್ತೆ. ಮೇಕೆ ಮುಂದೆ ಹುಟ್ಟೋ ಮರವನ್ನೇ ತಿನ್ನುತ್ತೆ. ಆದ್ದರಿಂದ ನಿಮ್ಮ ನಿಮ್ಮ ಶಾಲೆಯಲ್ಲಿ ಮಕ್ಕಳನ್ನ ಪ್ರೀತಿಯಿಂದ ಹತ್ತಿರ ಕೂರಿಸಿಕೊಂಡು ಕೇಳಿ. ಪುಟ್ಟಾ, ನಿಮ್ಮನೇಲಿ ಎಷ್ಟು ಮೇಕೆ ಇದಾವೆ? ಮಕ್ಕಳು ಸುಳ್ಳು ಹೇಳಲ್ಲ. ಅದೇ ನಮಗೆ ಅನುಕೂಲ."

ಪಟ್ಟಿ ಪ್ರತಿಷ್ಠಾನದ ಮೂಲಕ ಅರಣ್ಯ ಇಲಾಖೆಗೆ ಹೋಗುತ್ತದಂತೆ. ಪಟ್ಟಿಯಲ್ಲಿ ಇರುವ ಮನೆಗಳಿಗೆ ಕಾಡಂಚಿನಲ್ಲಿ ಮೇಯಿಸುವ ಚೀಟಿ ಈ ವರ್ಷದಿಂದ ಇಲ್ಲ. ಕಾಡಂಚಿನ ಊರಿನವರು ತಮಗೆ ಗೊತ್ತಿರುವ ಹೆಸರುಗಳನ್ನು ಇವತ್ತೇ ಬರೆದು ಸಹಿ ಹಾಕಬೇಕು, ಉಳಿದವರು ಈಗ ಸಹಿ ಹಾಕಿದರೆ ಸಾಕು, ಹೆಸರು ತುಂಬಲು ಹದಿನೈದು ದಿನ. ಸಹಿ ಮಾಡಿದ ಪುಟ ಕೊಟ್ಟವರಿಗೆ ಪ್ರಮಾಣಪತ್ರ. ಶಶಿರೇಖಾಳ ಪ್ರೊಬೇಷನ್ ಮುಗಿದು ಖಾಯಂ ಆಗಲು ಇನ್ನು ಉಳಿದಿದ್ದುದು ಅದೊಂದೇ ಕಾಗದ, ತರಬೇತಿಯ ಪ್ರಮಾಣಪತ್ರ.

ಅವಳು ಪುಟ ನೋಡುತ್ತ ಕೂತಳು. ಅವಳ ತರಗತಿಯ ಇಪ್ಪತ್ತಾರು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳ ಮನೆಯಲ್ಲಿ ಮೇಕೆ ಇವೆ. ಅದನ್ನು ಕೇಳಿ ತಿಳಿಯಬೇಕಾಗಿಲ್ಲ, ಯಾವ ಮರಿ ಯಾರ ಮನೆಯದು ಎಂದು ದೂರದಿಂದಲೇ ಹೇಳುತ್ತಾಳೆ. ಹೊಲವಿಲ್ಲ, ಗದ್ದೆಯಿಲ್ಲ. ಮೇಕೆ ಹೋದರೆ ಆ ಮಕ್ಕಳಲ್ಲಿ ಅರ್ಧ ಜನ ಕಬ್ಬು ಕಡಿಯುವ ಗುಂಪಿನ ಹಿಂದೆ ಹೋಗುತ್ತಾರೆ. ಅವರ ಹೆಸರುಗಳನ್ನು ಅವಳ ಅಕ್ಷರದಲ್ಲೇ ಬರೆಯಬೇಕಂತೆ, ಪ್ರೀತಿಯಿಂದ.

ಅಷ್ಟರಲ್ಲಿ ಕಿಟ್ ಹಂಚಿದರು. ಬಟ್ಟೆ ಚೀಲ, ಹಸಿರು ಟೋಪಿ, ಒಂದು ಪೊಟ್ಟಣ ಬೀಜ. ಪೊಟ್ಟಣದ ಮೇಲೆ ಬಿಳಿ ಕೋಟು ಹಾಕಿದವನೊಬ್ಬನ ಚಿತ್ರ. ಅವನ ಕೆಳಗೆ 'ಕರಿಜಾಲಿ. ವೈಜ್ಞಾನಿಕ ಬೀಜೋಪಚಾರ ಮಾಡಿದ್ದು' ಎಂದು ಅಚ್ಚಾಗಿತ್ತು.

"ಕರಿಜಾಲಿ ಬೀಜ ಬಹಳ ಹಠಮಾರಿ" ಎಂದರು ಪಾರ್ಥಸಾರಥಿ. "ಸಿಪ್ಪೆ ಅಷ್ಟು ಗಟ್ಟಿ. ಹಾಗೇ ಬಿತ್ತಿದರೆ ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರುತ್ತೆ. ಆದರೆ ಇದಕ್ಕೆ ನಮ್ಮ ಪ್ರತಿಷ್ಠಾನ ವಿಶೇಷ ಬೀಜೋಪಚಾರ ಮಾಡಿದೆ. ಎಂಟೇ ದಿನಕ್ಕೆ ಮೊಳಕೆ. ಸೂತ್ರ ಮಾತ್ರ ಹೇಳೋ ಹಾಗಿಲ್ಲ."

ಮುಂದಿನ ಸಾಲಿನಲ್ಲಿದ್ದ ಗೌತಮಿ ಮೇಡಂ ಪೊಟ್ಟಣ ಬಿಚ್ಚಿ ಮೂಗು ಹಿಂದಕ್ಕೆ ತೆಗೆದುಕೊಂಡರು. ಮಂಡ್ಯ ಪಟ್ಟಣದವರು, ಅಚ್ಚುಕಟ್ಟು, ಚಮಚವನ್ನೂ ಮನೆಯಿಂದ ತರುವವರು. "ಸರ್, ಏನೋ ಒಂಥರಾ ವಾಸನೆ."

"ಉಪಚಾರದ ವಾಸನೆ ಮೇಡಂ. ಜೈವಿಕ."

ಎಲ್ಲರೂ ತಲೆಯಾಡಿಸಿದರು. ಜೈವಿಕ ಅಂದಮೇಲೆ ನಾರಲೇಬೇಕು.

"ಈಗ ಚಟುವಟಿಕೆ. ಮುಟ್ಟು, ಮೂಸು, ಕಚ್ಚು. ಒಳ್ಳೆ ಬೀಜ ಹಲ್ಲಿಗೆ ಬಗ್ಗಲ್ಲ. ಎಲ್ಲರೂ ಒಂದೊಂದು ಬಾಯಿಗೆ ಹಾಕ್ಕೊಳ್ಳಿ, ಕಚ್ಚಿ ನೋಡಿ."

ಮೂವತ್ತೊಂಬತ್ತು ಜನ ಬೀಜ ಬಾಯಿಗೆ ಹಾಕಿಕೊಂಡರು. ಗೌತಮಿ ಮೇಡಂ ಕರ್ಚೀಫಿನಲ್ಲಿ ಒರೆಸಿ ಹಾಕಿಕೊಂಡರು. ಅಂಬರೀಶ್ ಎರಡು ಹಾಕಿಕೊಂಡು ಕಟಕಟ ಕಚ್ಚಿದರು. ಪಾರ್ಥಸಾರಥಿ ತಾವೂ ಒಂದು ಹಾಕಿಕೊಂಡು ದವಡೆಯಿಂದ ದವಡೆಗೆ ಹೊರಳಿಸುತ್ತ ಸಾಲುಗಳ ನಡುವೆ ಓಡಾಡಿದರು.

ಶಶಿರೇಖಾ ಹಾಕಿಕೊಳ್ಳಲಿಲ್ಲ. ಅಂಗೈಯಲ್ಲಿ ಬೀಜ ಇಟ್ಟುಕೊಂಡು ನೋಡಿದಳು. ಜೊತೆಯಲ್ಲಿ ಒಂದಿಷ್ಟು ಕೆಮ್ಮಣ್ಣಿನ ಪುಡಿ ಉದುರಿತ್ತು. ಅವಳಿಗೆ ಗೊತ್ತಾಯಿತು. ಗೊತ್ತಾಗದೆ ಏನು? ಅವಳು ಹುಟ್ಟಿದಾಗಿನಿಂದ ಆ ವಾಸನೆಯ ಪಕ್ಕದಲ್ಲೇ ಮಲಗಿದವಳು.

ಬೇಸಗೆಯಲ್ಲಿ ಮೇಕೆ ಜಾಲಿಕಾಯಿ ತಿನ್ನುತ್ತದೆ. ಮನೆಗೆ ಬಂದು ಮಲಗಿ ಮೆಲುಕು ಹಾಕುತ್ತದೆ. ಕಾಯಿಯ ತಿರುಳೆಲ್ಲ ನುರಿಯುತ್ತದೆ, ಬೀಜ ನುರಿಯುವುದಿಲ್ಲ. ಹಲ್ಲಿಗೆ ಸಿಕ್ಕಿದ ಬೀಜವನ್ನು ಮೇಕೆ ಪಿಟ್ಟನೆ ಪಕ್ಕಕ್ಕೆ ಉಗಿಯುತ್ತದೆ. ಬೆಳಿಗ್ಗೆ ನೋಡಿದರೆ ಕೊಟ್ಟಿಗೆ ತುಂಬ ಕರೀ ಬೀಜ. ಪಟ್ಟಲಮ್ಮ ಕುಕ್ಕರಗಾಲಲ್ಲಿ ಕೂತು, ಆ ಮೂಲೆಯಿಂದ ಈ ಮೂಲೆಗೆ ಕೂತಲ್ಲೇ ಜರುಗುತ್ತ ಗುಡಿಸುತ್ತಾಳೆ. ಹಿಕ್ಕೆ ಒಂದು ಕಡೆ, ಬೀಜ ಒಂದು ಕಡೆ. ಮೊರದಲ್ಲಿ ಕೇರುತ್ತಾಳೆ. ಗಂಜಲದಲ್ಲಿ ಅಂಟಿಕೊಂಡಿದ್ದನ್ನು ಉಗುರಿನಲ್ಲಿ ಎಬ್ಬುತ್ತಾಳೆ. ಅವಳ ಹೆಬ್ಬೆರಳಿನ ಉಗುರು ಅದರಿಂದಲೇ ಕರ್ರಗಾಗಿ ಎರಡು ಸೀಳಾಗಿದೆ. ಸೊಂಟ ಹಿಡಿದು ಎದ್ದು ನಿಲ್ಲಲು ಗೋಡೆ ಬೇಕು. ಮೇಕೆಯ ಹೊಟ್ಟೆ ಸೇರಿ ಬಂದ ಬೀಜಕ್ಕೆ ಹಠ ಇರುವುದಿಲ್ಲ, ನೀರು ಬಿದ್ದರೆ ಸಾಕು, ಮೊಳೆಯುತ್ತದೆ. ಪ್ರತಿಷ್ಠಾನದ ನರ್ಸರಿಯ ಆಳು ಮುದ್ದಯ್ಯ ಪ್ರತಿ ಬೇಸಗೆ ಚೀಲ ತಂದು ತುಂಬಿಸಿಕೊಂಡು ಹೋಗುತ್ತಾನೆ. ಬದಲಿಗೆ ಒಂದು ಹಸಿರು ಸೀರೆ. ಈ ವರ್ಷ ಜಾಲಿ ಬೀಜ ಸಿಕ್ಕಿದ್ದು ಪಟ್ಟಲಮ್ಮನ ಕೊಟ್ಟಿಗೆಯೊಂದರಲ್ಲೇ ಎಂದು ಅವನೇ ಹೇಳಿಕೊಂಡು ಮೂರು ಚೀಲ ಹೊತ್ತಿದ್ದ.

ಸೂತ್ರ ಹೇಳೋ ಹಾಗಿಲ್ಲವಂತೆ! ನಗು ಬಂತು. ಅದರ ಹಿಂದೆಯೇ ಸಿಟ್ಟು ಬಂತು. ಬೀಜ ಬೇಕು, ಬೀಜ ಕೊಟ್ಟ ಮೇಕೆ ಬೇಡ. ಮೇಕೆ ಸಾಕುವವಳಂತೂ ಬೇಡವೇ ಬೇಡ. ಅವಳು ಪೊಟ್ಟಣ ಮಡಚಿ ಚೀಲದಲ್ಲಿಟ್ಟುಕೊಂಡಳು. ಒಂದು ಕಾಗದ ಕೈಗೆ ಬರುವವರೆಗೆ ಸುಮ್ಮನಿರುವುದು ಅವಳಿಗೆ ಹೊಸದೇನಲ್ಲ.

ಊಟ ಆದಮೇಲೆ ನಾಟಕ. ಪಾರ್ಥಸಾರಥಿ ಅಡಿಕೆಯ ಹಾಗೆ ಇನ್ನೊಂದು ಬೀಜ ದವಡೆಗೆ ಇಟ್ಟುಕೊಂಡಿದ್ದರು. 'ಕಾಡಿನ ನ್ಯಾಯಾಲಯ' ಎಂದು ಹೆಸರು. ಮಕ್ಕಳಿಂದ ಆಡಿಸಬೇಕಾದ್ದು, ಮೊದಲು ಶಿಕ್ಷಕರು ಆಡಿ ತೋರಿಸಬೇಕು. ನ್ಯಾಯಾಧೀಶ ಅರಳಿ ಮರ, ಅಂಬರೀಶ್ ಸರ್, ಹೆಗಲ ಮೇಲೆ ಹಸಿರು ಶಾಲು. ಸಾಕ್ಷಿ ಹೆಣ್ಣು ಜಿಂಕೆ, ಗೌತಮಿ ಮೇಡಂ, ತಲೆಗೆ ರಟ್ಟಿನ ಕೊಂಬು. ಹೆಣ್ಣು ಜಿಂಕೆಗೆ ಕೊಂಬಿರುವುದಿಲ್ಲ ಎಂದು ಶಶಿರೇಖಾಗೆ ನಾಲಿಗೆ ತುದಿಗೆ ಬಂದಿತ್ತು. ಕಾಡು ಕಲಿಸುವವರಿಗೆ ಅದನ್ನು ಹೇಳುವುದು ಹೇಗೆ?

ಇನ್ನು ಉಳಿದಿದ್ದು ಆರೋಪಿ. ಮೇಕೆ ಮೇಯಿಸುವ ಹೆಂಗಸು. ಪಾರ್ಥಸಾರಥಿಯವರ ಬೆರಳು ಸಾಲಿನಿಂದ ಸಾಲಿಗೆ ಹರಿದು ಬಂದು ಶಶಿರೇಖಾಳ ಮೇಲೆ ನಿಂತಿತು.

"ನೀವು ಬನ್ನಿ ಮೇಡಂ. ನಿಮಗೆ ಮೇಕಪ್ಪೇ ಬೇಡ."

ಜನ ನಕ್ಕರು. ಕೆಲವರು ಜೋರಾಗಿ, ಕೆಲವರು ಕೈ ಅಡ್ಡ ಇಟ್ಟುಕೊಂಡು. ಅವಳು ಎದ್ದು ಹೋದಳು. ತಲೆಗೆ ಸುತ್ತಲು ಟವೆಲು ಕೊಟ್ಟರು, ಕೈಗೆ ಕೋಲು ಕೊಟ್ಟರು. ಮಾತಿನ ಹಾಳೆ ಕೊಟ್ಟರು. ಜಿಂಕೆ ಮುಂದೆ ಬಂದು, ನನ್ನ ಮರಿಗಳಿಗೆ ಹುಲ್ಲಿಲ್ಲ, ಎಲ್ಲ ಈ ಪಾಪಿಯ ಮೇಕೆಗಳು ಮೇಯ್ದವು ಎಂದು ಅತ್ತಿತು. ಅರಳಿ ಮರ, "ಆರೋಪಿಗೆ ಏನಾದ್ರೂ ಹೇಳೋದಿದೆಯಾ?" ಎಂದು ಗದರಿತು.

ಶಶಿರೇಖಾ ಹಾಳೆ ನೋಡಿಕೊಂಡು ಓದಿದಳು. "ತಪ್ಪಾಯಿತು. ಹೊಟ್ಟೆಪಾಡಿಗಾಗಿ ಮಾಡಿದೆ. ಇನ್ನು ಮೇಲೆ ಮೇಕೆ ಸಾಕುವುದಿಲ್ಲ."

"ಕಟ್, ಕಟ್." ಪಾರ್ಥಸಾರಥಿ ಬಂದು ಹಾಳೆಯ ಮೇಲೆ ಬೆರಳಿಟ್ಟರು. "ಹಾಗಲ್ಲ ಮೇಡಂ. ಬರೆದ ಹಾಗೇ ಹೇಳಿ. ತಪ್ಪಾಯ್ತು ಬುದ್ದೀ. ಒಟ್ಟೆಪಾಡು ಬುದ್ದೀ. ಇನ್ ಮ್ಯಾಕೆ ಸಾಕಾಕಿಲ್ಲ ಬುದ್ದೀ. ಹಳ್ಳಿ ಧಾಟಿ ಬರಬೇಕು. ಸಹಜವಾಗಿ. ನಿಮಗೆ ಬರುತ್ತಲ್ಲ? ಮತ್ತೆ ಪಕ್ಕದಲ್ಲಿ ಬರೆದಿದೆ ನೋಡಿ, ಕಾಲಿಗೆ ಬೀಳುವಳು. ಬಿದ್ದು ಹೇಳಬೇಕು."

ಕಾಲು ಅಂಬರೀಶ್ ಸರ್ ಅವರದು. ಕುರ್ಚಿಯ ಮುಂದೆ ಚಾಚಿದ್ದರು, ಮಿರಮಿರ ಪಾಲಿಶ್ ಮಾಡಿದ ಬೂಟು. ಸುತ್ತ ಮೂವತ್ತು ಮೊಬೈಲು ಮೇಲೆದ್ದಿದ್ದವು. ಶಶಿರೇಖಾಳ ಮಂಡಿ ಮಡಚಿಕೊಂಡಿತು. ಅವಳು ಮಡಚಲಿಲ್ಲ, ಅದೇ ಮಡಚಿಕೊಂಡಿತು. ಅವ್ವನ ಮಂಡಿ, ಅಜ್ಜಿಯ ಮಂಡಿ, ಯಾರ ಮುಂದೆ ಬೇಕಾದರೂ ಮಡಚಿ ಅಭ್ಯಾಸವಾದ ಮಂಡಿ. ಅದು ಕಂಡು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅರ್ಧಕ್ಕೆ ಬಗ್ಗಿದ್ದವಳು ಕೋಲು ಊರಿ ಎದ್ದು ನಿಂತಳು.

"ಬೀಳಾಕಿಲ್ಲ."

"ಏನು?"

"ಬೀಳಾಕಿಲ್ಲ ಅಂದೆ. ಬುದ್ದಿ ಅಂತಾನೂ ಅನ್ನಾಕಿಲ್ಲ."

"ವಾ!" ಪಾರ್ಥಸಾರಥಿ ಚಪ್ಪಾಳೆ ತಟ್ಟಿದರು. "ಬಂತು ನೋಡಿ ಧಾಟಿ! ಇದೇ ನಮಗೆ ಬೇಕಾಗಿದ್ದು. ಮುಂದುವರಿಸಿ."

ಹಾಲ್ ಪೂರ್ತಿ ಚಪ್ಪಾಳೆ ತಟ್ಟಿತು. ಶಶಿರೇಖಾ ಚಪ್ಪಾಳೆ ನಿಲ್ಲುವವರೆಗೆ ಕಾದಳು. ಆಮೇಲೆ ಮುಂದುವರಿಸಿದಳು.

"ಅರಳಿ ಮರದೋರೆ, ನಂದೂ ಒಂದು ಸಾಕ್ಸಿ ಅದೆ." ಹೆಗಲಲ್ಲೇ ಇದ್ದ ಚೀಲದಿಂದ ಪೊಟ್ಟಣ ತೆಗೆದು ಮೇಲೆತ್ತಿದಳು. "ಬೆಳಿಗ್ಗೆ ಎಲ್ರೂ ಕಚ್ಚಿ ನೋಡಿದ್ರಲ್ಲ, ಇದು. ಇದುಕ್ಕೆ ಅದೇನೋ ಉಪಚಾರ ಮಾಡವ್ರಂತೆ. ಸೂತ್ರ ಯೋಳಂಗಿಲ್ವಂತೆ. ನಾನ್ ಯೋಳ್ತೀನಿ ಕೇಳಿ. ಮೇಕೆ ಜಾಲಿಕಾಯಿ ತಿಂತದೆ. ಮನಿಕಂಡು ಮೆಲುಕಾಕ್ತದೆ. ಬೀಜ ಅಲ್ಲುಗೆ ಸಿಕ್ಕುದ್ರೆ ಉಗೀತದೆ. ಉಗ್ದಿದ್ನ ಇಕ್ಕೆ ಒಳಗಿಂದ ಆಯ್ದು ಪೊಟ್ಣ ಕಟ್ಟವ್ರೆ. ಇದೇ ಸೂತ್ರ. ಬಿಳೀ ಕೋಟಿನೋನು ಯಾರೋ ನಂಗೊತ್ತಿಲ್ಲ. ಕೊಟ್ಟಿಗೇಲಿ ನಾನಂತೂ ಅವನ್ನ ಕಂಡಿಲ್ಲ."

ಪಾರ್ಥಸಾರಥಿಯವರ ದವಡೆ ಅಲ್ಲಾಡುವುದು ನಿಂತಿತು. "ಮೇಡಂ, ಇದು ನಾಟಕದಲ್ಲಿಲ್ಲ" ಎಂದರು.

"ನಾಟ್ಕದಲ್ಲಿ ಇಲ್ಲ ಸ್ವಾಮಿ. ನಿಮ್ ಬಾಯಲ್ಲಿ ಅದೆ. ಮೇಕೆ ಮುಂದೆ ಉಟ್ಟೋ ಮರಾನೇ ತಿಂತದೆ ಅಂದ್ರಲ್ಲ. ನಿಮ್ ನರ್ಸರಿ ಮರ ಉಟ್ಟಿರೋದೇ ಮೇಕೆ ಬಾಯಿಂದ. ಅದುನ್ನ ಮಕ್ಕಳ್ಗೆ ಯಾವಾಗ ಪಾಠ ಮಾಡದು?"

ಮೊದಲು ಎದ್ದವರು ಗೌತಮಿ ಮೇಡಂ. ಕೊಂಬು ಸಮೇತ ಬಾಗಿಲಿಗೆ ಓಡಿದರು. ಅವರ ಹಿಂದೆ ಹತ್ತು ಹನ್ನೆರಡು ಜನ. ಹೊರಗೆ ಕೈತೊಳೆಯುವ ನಲ್ಲಿಗಳೆಲ್ಲ ಒಟ್ಟಿಗೆ ಬಿಟ್ಟುಕೊಂಡವು. ಕ್ಯಾಕರಿಸುವುದು, ಮುಕ್ಕಳಿಸುವುದು, ಯಾರೋ ಸೋಪು ಕೇಳುವುದು. ಉಳಿದವರು ಕೂತಲ್ಲೇ ನಗತೊಡಗಿದರು. ಎಲ್ಲರಿಗಿಂತ ಜೋರಾಗಿ ಅಂಬರೀಶ್. "ಥೂ, ಕೂತ್ಕೊಳ್ರೋ. ಭಾನುವಾರ ಬಂದ್ರೆ ಮೂಳೆ ಸಮೇತ ಚೀಪ್ತೀವಿ. ಮೇಕೆ ಉಗುಳಿದ್ರೆ ಏನ್ ಮಹಾ ಆಯ್ತು? ನಾನು ಎರಡು ಕಚ್ಚಿದೀನಿ, ಎಂಟು ದಿನಕ್ಕೆ ನನ್ನ ತಲೆ ಮೇಲೆ ಜಾಲಿ ಗಿಡ ಬರುತ್ತೆ." ಹಾಲ್ ಮತ್ತೆ ನಕ್ಕಿತು. ಶಶಿರೇಖಾಗೂ ಒಂದು ಗಳಿಗೆ ತುಟಿ ಸಡಿಲವಾಯಿತು. ಇಷ್ಟೇ ತಾನೇ, ನಕ್ಕುಬಿಟ್ಟರೆ ಮುಗಿಯಿತು ಅನ್ನಿಸಿತು.

ಗೌತಮಿ ಮೇಡಂ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತರು. ರಟ್ಟಿನ ಕೊಂಬು ನೆಂದು ಕಿವಿಯ ಮೇಲೆ ಇಳಿಬಿದ್ದಿತ್ತು. ಅಲ್ಲಿಂದಲೇ ಕೇಳಿದರು.

"ಯಾರ ಮನೆ ಮೇಕೆ ಅದು?"

ಎಂಥ ಪ್ರಶ್ನೆ! ಮೇಕೆ ಮೇಕೆಯೇ. ಯಾರ ಮನೆಯದಾದರೇನು? ಆದರೆ ಹಾಲ್‌ನಲ್ಲಿದ್ದ ಒಬ್ಬರಿಗೂ ಅದು ಕೇಳಬಾರದ ಪ್ರಶ್ನೆ ಅನ್ನಿಸಲಿಲ್ಲ. ನಗುತ್ತಿದ್ದವರೂ ನಗು ನಿಲ್ಲಿಸಿ ಶಶಿರೇಖಾಳ ಕಡೆ ತಿರುಗಿದರು. ಅಂಬರೀಶ್ ಕೂಡ ತಿರುಗಿದರು. ಮೂರು ದಿನದಿಂದ ಅವರು ಕೇಳುತ್ತಿದ್ದುದೂ ಇದನ್ನೇ ಅಲ್ಲವೆ?

"ನಮ್ಮನೇದು" ಎಂದಳು ಶಶಿರೇಖಾ. "ತಾರೆದೊಡ್ಡಿ ಕಾಲೋನಿ. ಮೇಕೆ ನಮ್ಮವ್ವಂದು. ಗುಡಿಸಿ, ಉಗುರಲ್ಲಿ ಎಬ್ಬಿ, ಬೀಜ ಆಯ್ದಿದ್ದೂ ನಮ್ಮವ್ವನೇಯ."

ಯಾರೂ ಓಡಲಿಲ್ಲ. ಓಡಿದರೆ ಚೆನ್ನಾಗಿರುವುದಿಲ್ಲ, ಮೇಷ್ಟ್ರುಗಳಲ್ಲವೆ, ಸಮಾನತೆಯ ಪಾಠ ಮಾಡುವವರು. ಒಬ್ಬರಿಗೆ ಕೆಮ್ಮು ಬಂತು. ಇನ್ನೊಬ್ಬರಿಗೆ ಬಾಯಾರಿಕೆಯಾಯಿತು. ಮಂಡಿನೋವಿನ ಮೇಷ್ಟ್ರು ಕೂಡ ಕಾಲು ಸರಿಹೋಗಿ ಹೊರಗೆ ಗಾಳಿಗೆ ನಡೆದರು. ಅಂಬರೀಶ್ ಸರ್ ಜೇಬಿನಿಂದ ಫೋನ್ ತೆಗೆದರು. ಅದು ರಿಂಗಾಗಿರಲಿಲ್ಲ. "ಹಲೋ, ಹಾ ಹೇಳಿ, ಹೇಳಿ" ಎನ್ನುತ್ತ ಶಾಲು ಕುರ್ಚಿಯ ಮೇಲೆ ಹಾಕಿ ಹೊರಟರು. ನಲ್ಲಿಯ ಹತ್ತಿರ ಹೋದಮೇಲೆ ಹಲೋ ನಿಂತಿತು. ಗಳಗಳ ಗಂಟಲು ತೊಳೆಯುವ ಸದ್ದು ಬಂತು.

ಮೇಕೆಯ ಬಾಯಿಂದ ಬಂದಿದ್ದನ್ನು ತಡೆದುಕೊಂಡವರು ಪಟ್ಟಲಮ್ಮನ ಕೈಯಿಂದ ಬಂದಿದ್ದನ್ನು ತಡೆದುಕೊಳ್ಳಲಿಲ್ಲ. ಹಾಲ್‌ನಲ್ಲಿ ಕೊನೆಗೆ ಉಳಿದವರು ಏಳು ಜನ. ಅವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಶಶಿರೇಖಾ ಟವೆಲು ಸುತ್ತಿಕೊಂಡೇ ನಿಂತಿದ್ದಳು. ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಂದೊಂದು ಹಕಾರವನ್ನೂ ಹೆಕ್ಕಿ ಹೆಕ್ಕಿ ಬಾಯಿ ತಿದ್ದಿಕೊಂಡದ್ದು ಇವರಿಗಾಗಿಯೇ? ಇವರ ಬಾಯಿ ಇಷ್ಟೇ?

ಎಲ್ಲರೂ ಮುಖ ಒರೆಸಿಕೊಂಡು ಬಂದು ಕೂತಮೇಲೆ, ಏನೂ ಆಗಿಲ್ಲ ಎಂಬಂತೆ ಪಾರ್ಥಸಾರಥಿ ಮೇಜಿನ ಹಿಂದೆ ಕೂತು ನಮೂನೆಗಳನ್ನು ಕೇಳಿದರು. ಶಶಿರೇಖಾ ತನ್ನ ಪುಟವನ್ನು ಅವರ ಮುಂದೆಯೇ ಬರೆದಳು. ವಿದ್ಯಾರ್ಥಿಯ ಹೆಸರು: ಶಶಿರೇಖಾ. ಪೋಷಕರು: ಪಟ್ಟಲಮ್ಮ. ಮೇಕೆ: ಹದಿನಾಲ್ಕು. ಕೆಳಗಿನ ಖಾಲಿ ಸಾಲುಗಳಿಗೆಲ್ಲ ಒಂದೇ ಗೀಟು ಎಳೆದು ಸಹಿ ಹಾಕಿದಳು.

"ಮಕ್ಕಳ ಹೆಸರೆಲ್ಲಿ?"

"ಕೊಡಾಕಿಲ್ಲ."

"ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ ಅಂತ ಕೇಳಿದೆ."

"ಸರಿಯಾಗೇ ಕೇಳಿದೀರಿ. ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕಂಡು ಅವರ ಮನೆ ಗುಟ್ಟು ಕೀಳೋ ಪಾಠ ಬಿ.ಎಡ್.ನಲ್ಲಿ ನಂಗೆ ಯೋಳ್ಕೊಟ್ಟಿಲ್ಲ. ಬರ್ಕೊಳಿ, ಏನ್ ಬರ್ಕೋತೀರೋ."

ಪ್ರಮಾಣಪತ್ರ ಅವಳಿಗೆ ಸಿಗಲಿಲ್ಲ. ಅಂಬರೀಶ್ ಸರ್ ತಮ್ಮದನ್ನು ಸುರುಳಿ ಸುತ್ತಿಕೊಂಡು ಅವಳ ಪಕ್ಕದಿಂದ ದಾಟುವಾಗ ನೆಲ ನೋಡುತ್ತ, "ನೀವು ಮೊದಲೇ ಹೇಳಬಹುದಿತ್ತು ಮೇಡಂ" ಎಂದರು. ಏನನ್ನು ಎಂದು ಅವಳು ಕೇಳಲಿಲ್ಲ.

ಹಲಗೂರಿನವರೆಗೆ ಬಸ್ಸು, ಅಲ್ಲಿಂದ ಆಟೋ. ಮನೆ ಮುಟ್ಟಿದಾಗ ಪಟ್ಟಲಮ್ಮ ಮೇಕೆಗಳನ್ನು ಒಳಕ್ಕೆ ಕೂಡುತ್ತಿದ್ದಳು. ಶಶಿರೇಖಾ ಬಾಗಿಲ ಕಲ್ಲಿನ ಮೇಲೆ ಕೂತು ನಡೆದಿದ್ದನ್ನೆಲ್ಲ ಹೇಳಿದಳು. ಬೀಜ ಕಚ್ಚಿದ್ದು ಹೇಳಿದಾಗ ಪಟ್ಟಲಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ನಲ್ಲಿಯ ಕತೆ ಹೇಳಿದಾಗ ನಗಲಿಲ್ಲ.

"ಕೆಲ್ಸ ಓಯ್ತದಾ?" ಎಂದು ಕೇಳಿದಳು.

"ಗೊತ್ತಿಲ್ಲ ಕಣವ್ವ."

"ಕಾಲ್ಗೆ ಬೀಳ್ನಿಲ್ಲ ತಾನೆ?"

"ಇಲ್ಲ."

"ಬುಡು ಮತ್ತೆ" ಎಂದು ಪಟ್ಟಲಮ್ಮ ಕೊಟ್ಟಿಗೆಯ ಅಗುಳಿ ಹಾಕಿದಳು.

ಎಂಟು ದಿನ ಕಳೆದು ನೋಟಿಸು ಬಂತು. ತರಬೇತಿಯಲ್ಲಿ ಅಶಿಸ್ತು, ಸಂಪನ್ಮೂಲ ವ್ಯಕ್ತಿಗೆ ಅಗೌರವ, ನಿಗದಿತ ನಮೂನೆ ಸಲ್ಲಿಸಲು ನಿರಾಕರಣೆ. ಯಾಕೆ ಕ್ರಮ ಜರುಗಿಸಬಾರದು ಎಂದು ಒಂದು ವಾರದಲ್ಲಿ ಉತ್ತರ ಕೊಡಬೇಕು. ಪಟ್ಟಲಮ್ಮ ಮಗಳಿಂದ ಅದನ್ನು ಎರಡು ಸಲ ಓದಿಸಿ ಕೇಳಿದಳು. ಉಗಿದು ಬಾಯಿ ತೊಳೆದವರ ಬಗ್ಗೆ ಅದರಲ್ಲೇನಾದರೂ ಬರೆದಿದೆಯಾ ಎಂದಳು. ಇರಲಿಲ್ಲ.

ನೋಟಿಸು ಬಂದ ಮಾರನೆಯ ಬೆಳಿಗ್ಗೆಯೇ ಮುದ್ದಯ್ಯ ಬಂದ. ಕಂಕುಳಲ್ಲಿ ಖಾಲಿ ಚೀಲಗಳು, ಕೈಯಲ್ಲಿ ಎರಡು ಹಸಿರು ಸೀರೆ. ಮದ್ದೂರಿನಲ್ಲಿ ಇನ್ನೊಂದು ತರಬೇತಿಯಂತೆ, ಎಂಬತ್ತು ಜನರಂತೆ. ಪಾರ್ಥಸಾರಥಿಯವರೇ ಫೋನ್ ಮಾಡಿ, ಬೀಜ ಅಲ್ಲಿಂದಲೇ ತಗೋ, ಆದರೆ ಎಲ್ಲಿಂದ ಅಂತ ಯಾರಿಗೂ ಹೇಳಬೇಡ ಎಂದಿದ್ದರಂತೆ. ಅದನ್ನೂ ಅವನೇ ಹೇಳಿಬಿಟ್ಟ.

ಶಶಿರೇಖಾ ಒಳಗೆ ನೋಟಿಸಿಗೆ ಉತ್ತರ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿ ಕಿವಿಗೊಟ್ಟಳು. ಕೊಟ್ಟಿಗೆಯಲ್ಲಿ ಪಟ್ಟಲಮ್ಮ ಕುಕ್ಕರಗಾಲಲ್ಲಿ ಕೂತು ಗುಡಿಸುತ್ತಿದ್ದಳು. ಅವಳ ಮುಂದೆ ಬೀಜ ಒಂದು ಗುಡ್ಡೆಯಾಗಿತ್ತು. ಮುದ್ದಯ್ಯ ಚೀಲದ ಬಾಯಿ ಅಗಲಿಸಿ ಹಿಡಿದ.

ಪಟ್ಟಲಮ್ಮ ಬೀಜದ ಗುಡ್ಡೆಯನ್ನು ಪೊರಕೆಯಿಂದ ಹಿಕ್ಕೆಯೊಳಕ್ಕೇ ಎಳೆದು ಕಲಸಿಬಿಟ್ಟಳು. ಗೋಡೆ ಹಿಡಿದು ಎದ್ದಳು.

"ಸೀರೆ ತಕ್ಕಂಡೋಗು ಮುದ್ದಯ್ಯ. ಬೀಜ ಇಲ್ಲ."

"ಅಯ್ಯೋ, ಇಲ್ಲೇ ಬಿದ್ದದಲ್ಲಕ್ಕ. ಅವ್ರಿಗೆ ಏನ್ ಯೋಳ್ಳಿ ನಾನು?"

"ಏನ್ ಯೋಳ್ಬೇಕಾ? ನಾಕು ಮೂಟೆ ಜಾಲಿಕಾಯಿ ತಕ್ಕಂಡೋಗಿ ಆ ಮೇಷ್ಟ್ರುಗಳ ಮುಂದೆ ಸುರಿ. ಕಚ್ಚಿ ನೋಡವ್ರಲ್ಲ, ಅಲ್ಲು ಗಟ್ಟಿಯಾಗೇ ಅವೆ. ಅವ್ರೇ ತಿನ್ಲಿ. ಅವ್ರೇ ಮೆಲುಕಾಕ್ಲಿ. ಉಗಿಯಾದ್ ಎಂಗೆ ಅಂತ ಯಾರೂ ಕಲಿಸ್ಬೇಕಾಗಿಲ್ಲ, ಚೆಂದಾಗಿ ಉಗೀತಾರೆ. ಒತ್ತಾರೆ ಎದ್ದು ನೀನೇ ಗುಡಿಸ್ಕೊ."